ನಂಬರು ನೂರ ನಲವತ್ತೇಳು

ಈ ಸ್ಕೂಲಲ್ಲಿ ಬಟ್ಟೆಗೆ ಹೆಸರಿಲ್ಲ, ನಂಬರು,
ಕಾಲರಿನ ಒಳಮೈಯಲ್ಲಿ ಕೆಂಪು ದಾರದ ಹೊಲಿಗೆ.
ಅರವತ್ತೆರಡು, ಕೊರಿಯಾದ ಹುಡುಗ:
ಜೇಬಿನ ತುಂಬ ಪೆನ್ಸಿಲು ಹೆರೆದ ಹೊಟ್ಟು.
ನೂರ ಹದಿನೈದು, ಮಂಗೋಲಿಯಾದವಳು:
ಸಾಕ್ಸು ಯಾವತ್ತೂ ಒಂಟಿ, ಜೋಡಿ ಎಲ್ಲಿ ಹೋಗುತ್ತೋ
ಆ ಮಂಗೋಲಿಯಾಕ್ಕೇ ಗೊತ್ತು.
ಭಾನುವಾರ ಮಕ್ಕಳು ಮನೆಗೆ ಫೋನು ಮಾಡುವ ದಿನ.
ಸೋಮವಾರ ಬರುವ ದಿಂಬಿನ ಗವಸುಗಳನ್ನು
ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ.
ಯಾರೂ ಹೇಳಿಲ್ಲ. ಹಾಗೇ.

ನಾನು ಅಕ್ಕಯಮ್ಮ.
ಚಿಂತಾಮಣಿಯಿಂದ ಬಂದ ಬಸ್ಸು ಇಳಿದು
ಬಂಡೆಗಳ ನಡುವೆ ಒಂದು ಮೈಲಿ ನಡೆದರೆ ಗೇಟು.
ಮನೆಯಲ್ಲಿ ತೆಲುಗು, ಬಸ್ಸಲ್ಲಿ ಕನ್ನಡ,
ಸೂಪರ್‌ವೈಸರ್ ಹತ್ತಿರ ಅರ್ಧ ಹಿಂದಿ,
ಮಕ್ಕಳ ಹತ್ತಿರ ಬರೀ ಕೈಸನ್ನೆ.
ಅಂತಾರಾಷ್ಟ್ರೀಯ ಅಂತ ಗೇಟಿನ ಮೇಲೆ ಬರೆದಿದ್ದಾರೆ.
ಗೇಟು ನಿಲ್ಲಿಸುವ ಮುಂಚಿನಿಂದಲೂ ನನ್ನ ನಾಲಿಗೆ ಹಾಗೇ.

ಮಧ್ಯಾಹ್ನ ಅವರಿಗೆ ದೊಡ್ಡ ಹಾಲಿನಲ್ಲಿ
ಬಿಳಿ ಸಾಸಿನ ಪಾಸ್ತಾ, ಮುಳ್ಳುಚಮಚ.
ನಮಗೆ ಅಡುಗೆಮನೆಯ ಹಿಂದೆ,
ಖಾಲಿ ಸಿಲಿಂಡರುಗಳ ಪಕ್ಕ, ಮುದ್ದೆ, ಬಸ್ಸಾರು.
ಒಂದು ದಿನ ವಾಸನೆಯ ದಾರ ಹಿಡಿದು ಬಂದವನ ಹಾಗೆ
ಎತ್ತರದ ಹುಡುಗನೊಬ್ಬ ಬಂದು ನಿಂತ.
ಮುಖಕ್ಕಿಂತ ಮೊದಲು ಅಂಗಿ ಗುರುತು ಹತ್ತಿತು,
ನೂರ ನಲವತ್ತೇಳು, ಮೊಣಕೈಯಲ್ಲಿ ಹುಲ್ಲಿನ ಕಲೆ.
ತಟ್ಟೆ ತೋರಿಸಿ ಏನೋ ಕೇಳಿದ.
ರಾಗಿ, ಅಂದೆ.
ವಿಂಬಿ, ಅಂದ.
ಅಲ್ಲಪ್ಪ, ರಾಗಿ. ನಮ್ಮನೆಯಲ್ಲಿ ಸಂಗಟಿ ಅಂತೀವಿ.
ಅವನು ಎದೆ ಮುಟ್ಟಿಕೊಂಡು, ಕೀನ್ಯಾ, ವಿಂಬಿ,
ಅಮ್ಮ, ಅಂದು ಗಾಳಿಯಲ್ಲೇ ಮುದ್ದೆ ತೊಳಸಿ ತೋರಿಸಿದ.
ಕೋಲು ಹಿಡಿದ ವರಸೆಯಲ್ಲಿ ತಪ್ಪಿರಲಿಲ್ಲ.

ಅರ್ಧ ಮುದ್ದೆ ಮುರಿದುಕೊಟ್ಟೆ.
ಅಗಿದ! ನಾವೆಲ್ಲ ನಕ್ಕೆವು,
ಅಗಿಯಬಾರದು ಕಣೋ, ನುಂಗು.
ಅವನೂ ನಕ್ಕ, ನಕ್ಕು ಮತ್ತೆ ಅಗಿದ,
ಆಮೇಲೆ ತುತ್ತಿಗೆ ಹೆಬ್ಬೆಟ್ಟು ಒತ್ತಿ ಗುಳಿ ಮಾಡಿ
ಆ ಗುಳಿಯಲ್ಲೇ ಸಾರು ಮೊಗೆದ.
ಐವತ್ತು ವರ್ಷ ತಿಂದಿದ್ದೇನೆ,
ಆ ಗುಳಿ ನನಗೆ ಹೊಳೆದಿರಲಿಲ್ಲ.

ಹೆಸರು ವಾಫುಲ. ನಮ್ಮ ಕಡೆ ಬಾಯಿಗೆ
ಅಪ್ಪ ಸೇರಿಸದೆ ಗಂಡುಮಕ್ಕಳನ್ನು ಕರೆಯೋಕೆ ಬರೋಲ್ಲ.
ವಾಫುಲಪ್ಪ ಅಂದೆ. ಓಗೊಟ್ಟ.
ವಾರ್ಡನ್ನರು ಎರಡು ಸಲ ಬಂದು ಕರೆದುಕೊಂಡು ಹೋದರು,
ಸ್ಟಾಫಿನ ಜಾಗ, ಶುಚಿ, ರೂಲ್ಸು.
ಮೂರನೆಯ ಸಲ ಅವರೂ ಒಂದು ತುತ್ತು ತಿಂದು ಹೋದರು.

ಫೆಬ್ರವರಿಯಲ್ಲಿ ದೇಶದೇಶದ ಹಬ್ಬ.
ಬಾವುಟಕ್ಕೊಂದು ಮೇಜು, ಮೇಜಿಗೊಂದು ತಿಂಡಿ.
ಭಾರತದ ಮೇಜಿನ ಮೇಲೆ ಬಟರ್ ನಾನ್, ಪನೀರು.
ಕೀನ್ಯಾದ ಬಾವುಟದ ಕೆಳಗೆ
ನಾನು ತಂದ ಹಿಟ್ಟು, ನನ್ನ ಕೋಲು, ಅವನ ತೋಳು.
ಬೆಂಗಳೂರಿನಿಂದ ಕಾರಲ್ಲಿ ಬಂದ ಒಬ್ಬ ತಾಯಿ
ಚೂರು ಬಾಯಿಗಿಟ್ಟು ಕಣ್ಣರಳಿಸಿ ನನ್ನನ್ನೇ ಕೇಳಿದರು:
ಆಫ್ರಿಕಾದಲ್ಲಿ ದಿನಾ ಇದನ್ನೇ ತಿಂತಾರಾ?
ಹೂಂ ಅಮ್ಮಾ, ದಿನಾ, ಅಂದೆ.
ಸುಳ್ಳು ಹೇಳಿದ ಹಾಗೆ ಅನ್ನಿಸಲಿಲ್ಲ.
ವಾಫುಲಪ್ಪ ಮುಖ ತಿರುಗಿಸಿಕೊಂಡು ನಗುತ್ತಿದ್ದ,
ಬೆನ್ನು ಕುಣಿಯುತ್ತಿತ್ತು.

ರಜೆ ಮುಗಿದು ಗಾಡಿಗಳು ಬಂದವು. ಅವನು ಬರಲಿಲ್ಲ,
ಓದು ಮುಗಿದಿತ್ತು.
ನೂರ ನಲವತ್ತೇಳೀಗ ಒಂಬತ್ತು ವರ್ಷದ ಮಗು,
ತಜಕಿಸ್ತಾನವಂತೆ, ಅಂಗೈಯಗಲದ ಬನಿಯನ್ನು.
ಸೋಮವಾರದ ಬಕೆಟ್ಟಿಗೆ ಅದೂ ಸೇರಿದೆ.

ರಾತ್ರಿ ಮನೆಯಲ್ಲಿ ತುತ್ತಿಗೆ ಹೆಬ್ಬೆಟ್ಟು ಒತ್ತಿದೆ.
ಇದ್ಯಾವ ಊರಿನ ತಿನ್ನೋದಮ್ಮ, ಮಗಳು ಕೇಳಿದಳು.
ಬಾಯಿ ತುಂಬಿತ್ತು.
ಯಾರೂ ನೋಡದ ಹಾಗೆ ಒಂದು ಸಲ ಅಗಿದೆ.
ಮಳೆ ಬಿದ್ದ ಮಣ್ಣಿನ ಹಾಗಿತ್ತು,
ಹಿಂದಿಂದ ಸ್ವಲ್ಪ ಸಿಹಿ.